ಧನುಷ್ಕೋಡಿಗೆ ಜೀಪು ಬೇಕೇ?

ರಾಮೇಶ್ವರಂ ದ್ವೀಪದ ಧನುಷ್ಕೋಡಿಗೆ ಜೀಪು ಬಾಡಿಗೆ ಹಿಡಿಯಲೇಬೇಕು ಎಂದು ಆ ಊರಿನ ಬಗ್ಗೆ ಓದಿದ ಪ್ರವಾಸ ಲೇಖನವೊಂದರಲ್ಲಿದೆ. ಅದು ಹಳೇ ಮಾತು. 2017ರಲ್ಲಿ ದ್ವೀಪದ ತುದಿಯಾದ ಅರಿಚಲ್‌ಮುನೈವರೆಗೂ ಡಾಂಬರು ರಸ್ತೆಯಾಗಿದೆ, ಸಾಮಾನ್ಯ ಕಾರು, ಬೈಕು ಸಲೀಸಾಗಿ ಹೋಗುತ್ತವೆ. ಎಡವಟ್ಟಾಗುವುದು ಫೋಟೋಗೆಂದು ಕಾರನ್ನು ಮರಳಿಗೆ ಇಳಿಸಿದಾಗ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಇನ್ನಷ್ಟು ಕುಸಿಯುತ್ತದೆ. ಟೈರಿನ ಗಾಳಿಯನ್ನು ಸುಮಾರು 18 ಪಿಎಸ್‌ಐಗೆ ಇಳಿಸಿ, ಮುಂದಿನ ಮರಳು ಬಗೆದು, ಸ್ಟೇರಿಂಗ್ ನೇರ ಇಟ್ಟು ನಿಧಾನಕ್ಕೆ ಹೊರಡಿ. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬಿಸದೆ ವೇಗವಾಗಿ ಓಡಿಸಬಾರದು.

ಅಲ್ಲಿ ಸೂರ್ಯಾಸ್ತ ನೋಡಿ ಎಂಬ ಲೇಖನದ ಸಲಹೆಯೂ ಕಷ್ಟ. ಸಂಜೆಯಾಗುತ್ತಲೇ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ. ಬೆಳಗ್ಗೆ ಬೇಗ ಹೋಗುವುದೇ ಮೇಲು, ನೆರಳಂತೂ ಇಲ್ಲ.

ಅಲ್ಲಿನ ಪಾಳುಬಿದ್ದ ಚರ್ಚಿನ ಗೋಡೆ ಹತ್ತಬೇಡಿ. ಅದು ಹವಳದ ಕಲ್ಲಿನ ಕಟ್ಟಡ. 1964ರ ಡಿಸೆಂಬರ್ ಚಂಡಮಾರುತದಲ್ಲಿ ಚಾವಣಿ ಹೋದಂದಿನಿಂದ ಉಪ್ಪುಗಾಳಿ ಗಾರೆಯನ್ನು ತಿನ್ನುತ್ತಲೇ ಇದೆ. ತುದಿಯ ಕಡಲಲ್ಲಿ ಈಜುವುದೂ ಬೇಡ. ಎರಡು ಕಡೆಯ ನೀರು ಕೂಡುವಲ್ಲಿ ಸೆಳೆತ ಜೋರು.

ಇನ್ನು ಲೇಖನದ 'ಜನರೇ ಇಲ್ಲದ ಭೂತದ ಊರು' ಎಂಬ ಮಾತೂ ಸರಿಯಲ್ಲ. ಮೀನುಗಾರ ಕುಟುಂಬಗಳು ಇಂದಿಗೂ ಗುಡಿಸಲು ಕಟ್ಟಿಕೊಂಡು ಅಲ್ಲೇ ಇವೆ. ಕಡಲ ಪಕ್ಕದಲ್ಲೇ ಮರಳು ತೋಡಿ ಸಿಹಿನೀರು ತೆಗೆಯುತ್ತಾರೆ. ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ನಿಲ್ಲುತ್ತದೆ, ಆಳ ತೋಡಿದರೆ ಉಪ್ಪೇ. ಆ ಗುಂಡಿಗಳಲ್ಲಿ ಕಾಲು ತೊಳೆಯಬೇಡಿ, ಅದು ಅವರ ಕುಡಿಯುವ ನೀರು.