ಮೊದಲು ಬೋರ್ ನೀರಿನ ರಿಪೋರ್ಟ್, ಆಮೇಲೆ ಸಹಿ

ಅಮೆರಿಕದ ಶೇಲ್ ಗ್ಯಾಸ್ ಜಗಳ ಬಾಗಲಕೋಟೆಯವರಿಗೆ ಯಾಕೆ ಬೇಕು ಅಂತ ಕೇಳಬಹುದು. ನಮ್ಮ ಕಲಾದಗಿ ಸೀಮೆಯಲ್ಲಿ ಸುಣ್ಣದ ಕಲ್ಲಿನ ಜೊತೆ ಶೇಲ್, ಅಂದರೆ ಪದರುಪದರಾದ ಜೇಡಿಕಲ್ಲೂ ಇದೆ, ಆದರೆ ಗ್ಯಾಸ್ ಬಾವಿಗಳಿಲ್ಲ. ನನಗೆ ಬೇಕಾಗಿರುವುದು ಗ್ಯಾಸ್ ಅಲ್ಲ, ಪೆನ್ಸಿಲ್ವೇನಿಯಾದ ಡಿಮಕ್ ಅನ್ನೋ ಸಣ್ಣ ಊರಿನ ನೀರಿನ ಕಥೆ.

ಅಲ್ಲಿ ನೆಲದಡಿಯ ಗ್ಯಾಸೂ ಜಮೀನಿನವನದೇ, ಹಿಂದಿನವರು ಆ ಹಕ್ಕನ್ನು ಮಾರಿರದಿದ್ದರೆ. ಕಂಪನಿ ಲೀಸ್ ಬರೆಸಿಕೊಂಡರೆ ರಾಯಲ್ಟಿ, ಅಂದರೆ ಗ್ಯಾಸಿನ ಆದಾಯದಲ್ಲಿ ಜಮೀನಿನವನ ಪಾಲು, ನೂರಕ್ಕೆ ಹನ್ನೆರಡೂವರೆಗಿಂತ ಕಡಿಮೆ ಕೊಡುವಂತಿಲ್ಲ. ಕಷ್ಟದಲ್ಲಿದ್ದ ರೈತರು ಸಹಿ ಹಾಕಿದರು. ನಾವಾದರೂ ಹಾಕುತ್ತಿದ್ದೆವು, ಸುಮ್ನೆ ದೊಡ್ಡ ಮಾತು ಯಾಕೆ?

ಒಂದೆರಡು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ, ನೀರು, ಮರಳು, ಕೆಮಿಕಲ್ ಒತ್ತಿ, ಒಳಗಿನ ಗ್ಯಾಸ್ ಹೊರಬರಲಿ ಅಂತ ಶೇಲ್ ಕಲ್ಲನ್ನು ಬಿರುಕು ಬಿಡಿಸುತ್ತಾರೆ. ಒಂದೊಂದು ಬಾವಿಗೆ ಅರ್ಧ ಕೋಟಿಯಿಂದ ಆರು ಕೋಟಿ ಲೀಟರ್‌ವರೆಗೂ ನೀರು ಬೇಕು. ಬಾವಿ ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಸರಿಯಿಲ್ಲದಿದ್ದರೆ ಮೀಥೇನ್ ಅನ್ನೋ ಬೆಂಕಿ ಹತ್ತುವ ಗ್ಯಾಸ್ ಮೇಲಿನ ಅಂತರ್ಜಲಕ್ಕೆ ನುಸುಳುತ್ತದೆ. 2009ರ ಜನವರಿ 1ರಂದು ಡಿಮಕ್‌ನ ಒಂದು ಮನೆಯ ನೀರಿನ ಬಾವಿ ಸ್ಫೋಟವಾಯಿತು. ಕಂಪನಿ ಹೇಳಿದ್ದೇನು ಗೊತ್ತಾ? ಈ ಕಡೆ ನೀರಿನಲ್ಲಿ ಮೀಥೇನ್ ಮೊದಲಿನಿಂದಲೂ ಇದೆ ಅಂತ.

ಈ ಮಾತು ನಮಗೆ ಹೊಸದಲ್ಲ. ಮುಧೋಳ ಕಡೆ ನಮ್ಮ ಕಾಕಾನ ಹೊಲದ ಹತ್ತಿರ ಒಂದು ಕಾರ್ಖಾನೆ ಇದೆ. ಬೋರ್ ನೀರು ನಾರುತ್ತಿದೆ ಅಂತ ಹೇಳಲು ಹೋದರೆ, "ನಿಮ್ಮ ನೀರು ಮೊದಲಿಂದ ಹಿಂಗ ಐತ್ರಿ" ಅಂದರು. ಇದರಲ್ಲಿ ತಲೆನೋವಿನ ವಿಷಯ ಏನೆಂದರೆ, ಅದು ಪೂರ್ತಿ ಸುಳ್ಳು ಅಂತ ಹೇಳೋಕೂ ಆಗಲ್ಲ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನಮ್ಮ ಎಷ್ಟೋ ಜಮೀನು ನಾವೇ ಸವಳು-ಜವಳು ಮಾಡಿಕೊಂಡಿದ್ದೇವೆ. ನಾತ ಕಾರ್ಖಾನೆಯದೋ, ಉಪ್ಪು ನಮ್ಮದೋ? ಕಾರ್ಖಾನೆ ಬರೋ ಮೊದಲು ಆ ನೀರನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಕಾಕಾನ ಕೈಯಲ್ಲಿ ಇದ್ದದ್ದು ಬಾಯಿಮಾತು ಮಾತ್ರ.

ಪೆನ್ಸಿಲ್ವೇನಿಯಾದವರು 2012ರಲ್ಲಿ ಕಾನೂನನ್ನೇ ಬಿಗಿ ಮಾಡಿದರು. ಶೇಲ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳೊಳಗೆ ಯಾರದಾದರೂ ನೀರು ಕೆಟ್ಟರೆ ಅದು ಕೊರೆದವರ ತಪ್ಪು ಅಂತಲೇ ಲೆಕ್ಕ. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಕಂಪನಿಯದು. ನೀರು ಮೊದಲೇ ಕೆಟ್ಟಿತ್ತು ಅಂತ ತೋರಿಸಬೇಕಾದರೆ ಹಳೇ ರಿಪೋರ್ಟ್ ಬೇಕು. ಹಾಗಾಗಿ ಕೊರೆಯುವ ಮೊದಲು ನೀರಿನ ಸ್ಯಾಂಪಲ್ ತೆಗೆಸುವ ಗರಜು ಕಂಪನಿಗೇ ಬಂತು. ಡಿಮಕ್ ಕೇಸು ಮಾತ್ರ 2022ರವರೆಗೆ ಎಳೆಯಿತು. ಕೊನೆಗೆ ಕಂಪನಿ ತಪ್ಪು ಒಪ್ಪಿಕೊಳ್ಳದೆ, ಆದರೆ ಆರೋಪದ ವಿರುದ್ಧ ವಾದವನ್ನೂ ಮಾಡದೆ, ಊರಿಗೆ ನಲ್ಲಿ ನೀರು ತರಲು 1.6 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಡಲು ಒಪ್ಪಿತು. ಹದಿಮೂರು ವರ್ಷ ಆಗಿತ್ತು ಅಲ್ಲಿಗೆ.

ನನ್ನ ಪ್ರಕಾರ ನಮಗೆ ಬೇಕಾಗಿರುವುದು ಇಂಥ ನಿಯಮವೇ. ಪರಿಹಾರದ ರೇಟಿಗಿಂತ ಮೊದಲು ಇದನ್ನು ಕೇಳಬೇಕು. ಕಲ್ಲಿನ ಕ್ವಾರಿಯೋ, ಕಾರ್ಖಾನೆಯೋ, ಏನೇ ಬರಲಿ, ಪಂಚಾಯ್ತಿ ಎನ್‌ಒಸಿ ಕೊಡುವ ಮೊದಲು ಸುತ್ತಲಿನ ಎಲ್ಲ ಬೋರ್‌ಗಳ ನೀರು ಲ್ಯಾಬಿಗೆ ಹೋಗಲಿ. ಖರ್ಚು ಬರುವವರದು, ಆದರೆ ಲ್ಯಾಬ್ ಅವರದಾಗಬಾರದು. ಬಾಟಲಿ ತುಂಬುವಾಗ ಊರಿನ ನಾಲ್ಕು ಜನ ನಿಂತಿರಲಿ. ರಿಪೋರ್ಟಿನ ಮೇಲೆ ಸರ್ವೆ ನಂಬರ್, ತಾರೀಖು ಬರೆಸಿ, ಒಂದು ಪ್ರತಿಯನ್ನು ಉತಾರದ ಜೊತೆಗೇ ಇಟ್ಟುಕೊಳ್ಳಿ.