ಅಡ ಇಡಲಾಗದ ಒಡವೆ

ನಮ್ಮ ಶಿವಮೊಗ್ಗದ ಕಡೆ ಮದುವೆಮನೆಗೆ ಹೋದರೆ ಜನ ಮೊದಲು ನೋಡುವುದು ಕೊರಳನ್ನ. ಅವಲಕ್ಕಿ ಸರವೋ ಕಾಸಿನ ಸರವೋ, ಕಣ್ಣಲ್ಲೇ ತೂಕ ಹಾಕಿಬಿಡುತ್ತಾರೆ. ಮುಂಬೈಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಡೊಂಬಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಚಿನ್ನ ಹಾಕಿಕೊಂಡು ನಿಲ್ಲುವ ಧೈರ್ಯ ಯಾರಿಗಿದೆ? ಕಿವಿಯಲ್ಲಿರುವುದು ಅದೇ ಡಬ್ಬಿಯಲ್ಲಿ ಮಾರುವವಳ ಹತ್ತಿರ ಕೊಂಡ ಓಲೆ, ಕೊರಳಲ್ಲಿರುವುದು ಮಲಾಡಿನಲ್ಲಿ ತಯಾರಾದ ಇಮಿಟೇಶನ್ ಸರ. ಮ್ಯಾನೇಜರಮ್ಮನಿಗೂ ಅದೇ, ಅವರ ಮನೆ ಕೆಲಸದವಳಿಗೂ ಅದೇ.

ಹಾಗಂತ ಮೇಲು ಕೀಳು ಹೋಯಿತು ಅಂದುಕೊಳ್ಳಬೇಡಿ. ಒಡವೆಯಿಂದ ಮೈಗೆ ಇಳಿದಿದೆ, ಅಷ್ಟೇ.

ನಮ್ಮ ಆಫೀಸಿನ ಹುಡುಗಿಯೊಬ್ಬಳು ವಡಾಪಾವ್ ತಿನ್ನುವ ಮುಂಚೆ ಬಾಯಿಂದ ಗಾಜಿನಂಥ ಅಚ್ಚೊಂದನ್ನು ತೆಗೆದು ಪುಟ್ಟ ಡಬ್ಬಿಯಲ್ಲಿಡುತ್ತಾಳೆ. ಹಲ್ಲು ಸಾಲಿಗೆ ತರುವ ಅಲೈನರ್. ದಿನಕ್ಕೆ 20-22 ಗಂಟೆ ಬಾಯಲ್ಲೇ ಇರಬೇಕು. ತಿಂದಮೇಲೆ ಹಲ್ಲುಜ್ಜಿ ಮತ್ತೆ ಹಾಕಬೇಕು. ತಂತಿಯ ಕ್ಲಿಪ್ಪಿನ ಹಾಗೆ ಕಾಣಿಸುವುದಿಲ್ಲ, ಅದಕ್ಕೇ ಅಷ್ಟು ದುಡ್ಡು. ಊರಲ್ಲಿ ಅತ್ತೆಗೆ ಹೇಳಿದರೆ, "ಕಾಣದೇ ಇರೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೇ?" ಅಂದರು.

ಹೊಟ್ಟೆಯದು ಇನ್ನೂ ಮಜಾ. ಊರಲ್ಲಿ ಗಂಡಸಿಗೆ ಸ್ವಲ್ಪ ಹೊಟ್ಟೆ ಬಂದರೆ 'ಚೆನ್ನಾಗಿದ್ದಾನೆ' ಅನ್ನುತ್ತಿದ್ದರು. ಇಲ್ಲಿ ಹೊಟ್ಟೆ ಇರುವುದು ದಿನಾ ಮೂರು ಗಂಟೆ ಲೋಕಲ್ಲಿನಲ್ಲಿ ಕಳೆಯುವ ಗುಮಾಸ್ತನಿಗೆ. ಸಾಹೇಬರು ಸಪೂರ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ 42 ಕಿಲೋಮೀಟರ್ ಓಡಿ, ಬಿಸಿಲಿಗೆ ಕಪ್ಪಾಗಿ, ಮೆಡಲ್ ಕಚ್ಚಿಕೊಂಡ ಫೋಟೋ ಹಾಕುತ್ತಾರೆ. ಓಡುವುದಕ್ಕೆ ಪುರುಸೊತ್ತು ಇದೆ ಅನ್ನುವುದೇ ಈಗ ಶ್ರೀಮಂತಿಕೆ.

ಆದರೆ ಹೆಣ್ಣಿನ ಬಣ್ಣದ ವಿಷಯಕ್ಕೆ ಬಂದರೆ ಊರೂ ಒಂದೇ, ಮುಂಬೈಯೂ ಒಂದೇ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. "ಹುಡುಗಿ ಬೆಳ್ಳಗಿದ್ದಾಳಾ?" ಅಂತ ಕೇಳುವುದು ನಿಂತಿತಾ?

ನನ್ನ ಓಟು ಹಳೇ ಚಿನ್ನಕ್ಕೇ. ಅದರ ಹೆಸರಲ್ಲಿ ಹೆಣ್ಣು ಹೆತ್ತವರು ಸಾಲದಲ್ಲಿ ಮುಳುಗಿದ್ದು ಗೊತ್ತಿಲ್ಲದೆ ಹೇಳುತ್ತಿಲ್ಲ. ಆದರೂ ಅಮ್ಮ ಸರ ಅಡ ಇಟ್ಟು ನನ್ನ ಕಾಲೇಜು ಫೀಸು ಕಟ್ಟಿದ್ದರು. ಅದೇ ಸರ ಪಕ್ಕದ ಮನೆ ಹುಡುಗಿಯ ಮದುವೆಗೆ ಎರವಲು ಹೋಗಿ ವಾಪಸ್ ಬಂದಿತ್ತು. ಸಲೂನಿನಲ್ಲಿ ಕೆರಟಿನ್ ಹಚ್ಚಿಸಿ ನುಣುಪು ಮಾಡಿಸಿದ ಕೂದಲನ್ನು ಯಾವ ಬ್ಯಾಂಕೂ ಅಡ ಇಟ್ಟುಕೊಳ್ಳುವುದಿಲ್ಲ. ಕೆಲವು ತಿಂಗಳಾದ ಮೇಲೆ ಮತ್ತೆ ಸಲೂನಿಗೆ ಸುರಿಯಬೇಕು. ನೆಟ್ಟಗಿನ ಹಲ್ಲನ್ನು ಎರವಲು ಕೊಡುವವರೂ ಇಲ್ಲ.

ಇದು ಬರೀ ಶೋಕಿಯಾಗಿದ್ದರೆ ನಕ್ಕು ಸುಮ್ನಿರಬಹುದಿತ್ತು. ಆದರೆ ರಿಸೆಪ್ಶನ್, ಸೇಲ್ಸ್ ಕೆಲಸದ ಜಾಹೀರಾತಲ್ಲಿ 'ಪ್ರೆಸೆಂಟೆಬಲ್ ಆಗಿರಬೇಕು' ಅಂತ ಹಾಕುತ್ತಾರಲ್ವಾ, ಅಲ್ಲಿ ಚಾಳ್‌ನ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಯ ಹುಡುಗಿ ಓದಿದ್ದರೂ ಹಿಂದೆ ಬೀಳುತ್ತಾಳೆ. ಅವಳಿಗಾಗಿಯೇ ಹಲ್ಲಿನ ಕ್ಲಿನಿಕ್ಕುಗಳು ಈಗ ಇಎಂಐ ಬೋರ್ಡು ಹಾಕಿಕೊಂಡು ಕೂತಿವೆ. ಸಂಬಳ ಬರುವ ಮೊದಲೇ ಕಂತು ಶುರು.