ಹಳೆಯ ವಿದ್ಯಾರ್ಥಿಗಳೆಂದರೆ ಪರದೆಯ ಮೇಲೆ ಕಾಣುವವರು ಮಾತ್ರವೇ?

ನಾನು ಕಲಿತ ರಂಗಶಾಲೆಯಲ್ಲಿ ನಿನ್ನೆ ಹಳೆಯ ವಿದ್ಯಾರ್ಥಿಗಳ ಸಮಾವೇಶವಿತ್ತು. ಹೋಗಿ ಬಂದೆ. ರಾತ್ರಿಯಿಡೀ ಬಸ್ಸಿನಲ್ಲಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗಿ ಪಾಠ ಮುಗಿಸಿ ಬಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ರಂಗಶಾಲೆಯ ಹೆಸರು ಬರೆಯುವುದಿಲ್ಲ. ನನ್ನನ್ನು ಬಲ್ಲವರಿಗೆ ಅದು ಗೊತ್ತೇ ಇದೆ. ಉಳಿದವರಿಗೆ ಬೇಕಾಗಿಲ್ಲ, ಏಕೆಂದರೆ ಈ ರೋಗ ಒಂದೇ ಕಡೆ ಇರುವಂಥದ್ದಲ್ಲ.

ಬಾಗಿಲಲ್ಲೇ ಆಳೆತ್ತರದ ಫ್ಲೆಕ್ಸ್. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಎಂಬ ತಲೆಬರಹ, ಕೆಳಗೆ ಸಾಲಾಗಿ ಮುಖಗಳು. ಒಂದೊಂದನ್ನೂ ನೋಡುತ್ತಾ ಹೋದೆ. ಎಲ್ಲವೂ ಸಿನಿಮಾದವು, ಇಲ್ಲವೇ ಧಾರಾವಾಹಿಯವು. ಅದರಲ್ಲಿ ಒಬ್ಬರು ಕೋರ್ಸನ್ನು ಅರ್ಧಕ್ಕೇ ಬಿಟ್ಟು ಹೋದವರು. ಪೂರ್ತಿ ಕಲಿತು, ಕಲಿತದ್ದನ್ನೇ ಉಸಿರಾಗಿಸಿಕೊಂಡು ಇಪ್ಪತ್ತು, ಮೂವತ್ತು ವರ್ಷ ಊರೂರು ಅಲೆದವರ ಒಂದೇ ಒಂದು ಮುಖ ಅಲ್ಲಿರಲಿಲ್ಲ. ವೇದಿಕೆಯ ಮೇಲೆ ನಿರೂಪಕರು ‘ಈ ಶಾಲೆಯ ಸಾಧನೆ ಇಡೀ ನಾಡಿಗೆ ಗೊತ್ತು’ ಎಂದು ಶುರುಮಾಡಿ ಅದೇ ಹೆಸರುಗಳನ್ನು ಇನ್ನೊಮ್ಮೆ ಓದಿದರು. ಚಪ್ಪಾಳೆ, ಶಾಲು, ಹಾರ, ಫೋಟೊ.

ಆ ಹೊತ್ತಿಗೆ ನನ್ನ ಸಹಪಾಠಿಯೊಬ್ಬ ಏಣಿಯ ತುದಿಯಲ್ಲಿದ್ದ. ಸಂಜೆಯ ನಾಟಕಕ್ಕೆ ಬೆಳಕಿನ ವ್ಯವಸ್ಥೆ ಅವನದು. ಅವನೂ ಅದೇ ಶಾಲೆಯವನು, ನಮ್ಮ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಗ. ಸನ್ಮಾನ ನಡೆಯುತ್ತಿದ್ದ ವೇದಿಕೆಯ ಪಕ್ಕದಲ್ಲೇ, ಸೈಡ್ ವಿಂಗಿನ ಹಿಂದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ. ಊಟಕ್ಕೆ ಕರೆಯಲು ಹೋದರೆ, “ನೀನು ಮಾಡು, ಮುಂದಿನ ಸಾಲಿನಲ್ಲಿ ಒಂದು ದೀಪ ಹತ್ತುತ್ತಿಲ್ಲ” ಎಂದ. ಅವನಿಗೆ ಬೇಸರವಾಗಿತ್ತೋ ಇಲ್ಲವೋ ಹೇಳಲಾರೆ. ನನಗಂತೂ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

ಅವನ ಕೆಲಸವನ್ನು ಹತ್ತಿರದಿಂದ ನೋಡದವರಿಗಾಗಿ ಇಷ್ಟು ಹೇಳಲೇಬೇಕು. ತಾಲ್ಲೂಕು ಕೇಂದ್ರದ ಯಾವುದೋ ಸಮುದಾಯ ಭವನದಲ್ಲಿ ಸಂಜೆ ನಾಟಕವೆಂದರೆ ಅವನು ಬೆಳಿಗ್ಗೆಯೇ ಅಲ್ಲಿರುತ್ತಾನೆ. ಮೊದಲು ನೋಡುವುದು ರಂಗವನ್ನಲ್ಲ, ಮೀಟರ್ ಬೋರ್ಡನ್ನು. ಮದುವೆಗೆಂದು ಕಟ್ಟಿದ ಭವನಗಳ ವೈರಿಂಗ್ ಫ್ಯಾನು, ಟ್ಯೂಬ್‌ಲೈಟುಗಳ ಭಾರಕ್ಕೆ ಮಾತ್ರ ಲೆಕ್ಕ ಹಾಕಿದ್ದು. ಅವನ ಒಂದೊಂದು ಹ್ಯಾಲೊಜನ್ ದೀಪವೂ ಸಾವಿರ ವಾಟಿನದು. ಎಲ್ಲವನ್ನೂ ಒಂದೇ ಫೇಸಿಗೆ ಕೊಟ್ಟರೆ ನಾಟಕದ ನಡುವೆ ಫ್ಯೂಸ್ ಹೋಗುತ್ತದೆ, ಹೆಚ್ಚುಕಡಿಮೆಯಾದರೆ ವೈರ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಭಾರವನ್ನು ಮೂರು ಫೇಸಿಗೆ ಹಂಚುತ್ತಾನೆ, ಅರ್ತ್ ಸರಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಮೇಲೆ ಕಂಬಿ ಇಲ್ಲದಿದ್ದರೆ ಅಡಕೆ ಮರದ ಕಂಬ ಕಟ್ಟಿಸುತ್ತಾನೆ. ಕ್ಲ್ಯಾಂಪ್ ಸಡಿಲವಾದರೂ ನಟರ ತಲೆಯ ಮೇಲೆ ಬೀಳದಂತೆ ಪ್ರತಿ ದೀಪಕ್ಕೂ ಬೇರೆ ಸರಪಳಿ ಹಾಕುತ್ತಾನೆ. ಬಣ್ಣದ ಜಿಲೆಟಿನ್ ಹಾಳೆಗಳು ಶಾಖಕ್ಕೆ ನಡುವೆ ಬಿಳಿಚಿಕೊಂಡರೂ ಅವನು ಎಸೆಯುವುದಿಲ್ಲ. ಚೆನ್ನಾಗಿರುವ ಅಂಚುಗಳನ್ನು ಕತ್ತರಿಸಿ, ಹಳೆಯ ಮದುವೆ ಆಲ್ಬಮ್ಮೊಂದರಲ್ಲಿ ಬಣ್ಣದ ಪ್ರಕಾರ ಜೋಡಿಸಿಟ್ಟುಕೊಂಡಿದ್ದಾನೆ. ನೀಲಿಯಲ್ಲೇ ನಾಲ್ಕೈದು ಪುಟ. ಬೆಳಗಿನ ಜಾವಕ್ಕೆ ಬೇರೆ, ಬೆಳದಿಂಗಳಿಗೆ ಬೇರೆ. ಸಾವಿನ ದೃಶ್ಯಕ್ಕೆ ಅವನು ಬೆಳಕನ್ನು ಇಳಿಸುವುದು ಎಷ್ಟು ನಿಧಾನವೆಂದರೆ ಕತ್ತಲಾದದ್ದು ಯಾವಾಗ ಎಂದು ನೋಡುವವರಿಗೆ ತಿಳಿಯುವುದೇ ಇಲ್ಲ.

ಮಗನ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವನು ‘ಎಲೆಕ್ಟ್ರಿಷಿಯನ್’ ಎಂದು ಬರೆಯುತ್ತಾನೆ. ರಂಗಬೆಳಕಿನ ವಿನ್ಯಾಸಕ ಎಂದು ಬರೆದರೆ ಕಚೇರಿಯವರು ಹಾಗೆಂದರೇನು ಎಂದು ಕೇಳುತ್ತಾರಂತೆ. ಕಚೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಆ ವಿದ್ಯೆ ಕಲಿಸಿದ ಶಾಲೆಯೇ ತನ್ನ ಫ್ಲೆಕ್ಸಿನಲ್ಲಿ ಅವನಿಗೆ ಒಂದು ಗೇಣು ಜಾಗ ಕೊಡದಿದ್ದರೆ ಕಚೇರಿಯ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಪಕ್ಕದ ಕೇರಳದಲ್ಲಿ ಈ ವಿಷಯದಲ್ಲಿ ಒಳ್ಳೆಯ ಪದ್ಧತಿಯೊಂದಿದೆ. ಕವಿ ವಳ್ಳತ್ತೋಳ್ ನಾರಾಯಣ ಮೆನನ್ 1930ರಲ್ಲಿ ಕಟ್ಟಿದ ಕಲಾಮಂಡಲಂನಲ್ಲಿ ಕಲಿತವರು ಶಾಲೆಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ. ಕಥಕಳಿಯ ದೊಡ್ಡ ವೇಷಧಾರಿ ಕಲಾಮಂಡಲಂ ಗೋಪಿಯವರಂತೆಯೇ, ಹಿಮ್ಮೇಳದ ಹಾಡುಗಾರ ಹೈದರಾಲಿಯವರೂ ಕಲಾಮಂಡಲಂ ಹೈದರಾಲಿಯೇ. ಅಷ್ಟೇ ಅಲ್ಲ, ಚೆಂಡೆ, ಮದ್ದಳೆ ಕಲಿತವರಿಗೂ ಚುಟ್ಟಿ ಕಲಿತವರಿಗೂ ಅದೇ ಗೌರವ. ಚುಟ್ಟಿ ಎಂದರೆ ಪಾತ್ರಧಾರಿಯ ಗಲ್ಲ, ಕೆನ್ನೆಗಳ ಅಂಚಿಗೆ ಅಕ್ಕಿಹಿಟ್ಟಿನ ಲೇಪದಿಂದ ಪದರ ಕಟ್ಟಿ, ಕಾಗದ ಕತ್ತರಿಸಿ ಕೂರಿಸುವ ಕೆಲಸ. ಪಾತ್ರಧಾರಿ ನೆಲದ ಮೇಲೆ ಮಲಗಿರುತ್ತಾನೆ, ಚುಟ್ಟಿಯವರು ತಲೆಯ ಬಳಿ ಕುಳಿತು ಗಂಟೆಗಟ್ಟಲೆ ಬಗ್ಗಿಕೊಂಡಿರುತ್ತಾರೆ. ಅಲ್ಲಿ ಅದು ವರ್ಷಗಟ್ಟಲೆ ಕಲಿಯಬೇಕಾದ ಪ್ರತ್ಯೇಕ ವಿದ್ಯೆ. ನಮ್ಮಲ್ಲಿ ಪ್ರಸಾಧನ ಕಲಿತು ಬಂದವರನ್ನು ‘ಮೇಕಪ್‌ನವರು ಬಂದರಾ?’ ಎಂದು ವಿಚಾರಿಸಿ, ಕರಪತ್ರದಲ್ಲಿ ಹೆಸರು ಹಾಕಲು ಮರೆಯುತ್ತೇವೆ.

ಇಷ್ಟು ಹೇಳಿದ ಮೇಲೆ ನನ್ನ ಮೇಲೆ ಬರುವ ಮಾತು ಗೊತ್ತು. ‘ಮೇಡಂ, ನಟರು ಹೆಸರು ಮಾಡಿದ್ದರಿಂದಲೇ ಶಾಲೆಗೆ ಹೆಸರು. ಅವರ ಮುಖ ನೋಡಿಯೇ ಹೊಸ ವಿದ್ಯಾರ್ಥಿಗಳು ಅರ್ಜಿ ಹಾಕುತ್ತಾರೆ, ದಾನಿಗಳು ಕೈ ಎತ್ತಿ ಕೊಡುತ್ತಾರೆ.’ ನಿನ್ನೆ ಊಟದ ಸಾಲಿನಲ್ಲಿ ಸಮಿತಿಯವರೊಬ್ಬರು ನನಗೆ ಹೇಳಿದ್ದೂ ಇದನ್ನೇ. ಇದರಲ್ಲಿ ಸತ್ಯವೇ ಇಲ್ಲ ಎನ್ನಲಾರೆ. ಆದರೆ ಆ ಮುಖಗಳನ್ನು ನೋಡಿ ಬರುವ ಹುಡುಗ ಹುಡುಗಿಯರು ಏನನ್ನು ಹುಡುಕಿಕೊಂಡು ಬರುತ್ತಾರೆ? ಬೆಳಿಗ್ಗೆ ಐದಕ್ಕೆ ಎದ್ದು ವ್ಯಾಯಾಮ, ಆಮೇಲೆ ಧ್ವನಿ ಅಭ್ಯಾಸ, ಮಧ್ಯಾಹ್ನ ಮರಗೆಲಸ, ರಾತ್ರಿ ಪರದೆಗೆ ಬಣ್ಣ ಬಳಿಯುವುದು, ನಡುನಡುವೆ ಅಂಗಳ ಗುಡಿಸುವುದು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕ್ಯಾಮೆರಾ ಎಲ್ಲಿ ಎಂದು ಕೇಳುತ್ತಾ ಕೆಲವರು ಹಾಸಿಗೆ ಸುತ್ತಿಕೊಂಡು ಹೊರಡುತ್ತಾರೆ. ಉಳಿದು ಕಲಿತವರೂ ಮುಂದೆ ಸಿನಿಮಾದಲ್ಲಿ ಅವಕಾಶ ಸಿಗದಿದ್ದರೆ ತಾವು ಸೋತೆವೆಂದೇ ತಿಳಿಯುತ್ತಾರೆ. ನನ್ನ ಕಿರಿಯ ಸಹಪಾಠಿಯೊಬ್ಬಳು ಊರಿನ ಮಕ್ಕಳನ್ನು ಕಟ್ಟಿಕೊಂಡು ವರ್ಷಕ್ಕೊಂದು ನಾಟಕ ಮಾಡಿಸುತ್ತಾಳೆ, ಉಡುಪುಗಳನ್ನು ತಾನೇ ಹೊಲಿಯುತ್ತಾಳೆ. ನಿನ್ನೆ ಸಮಾವೇಶಕ್ಕೆ ಏಕೆ ಬರಲಿಲ್ಲ ಎಂದು ಫೋನ್ ಮಾಡಿ ಕೇಳಿದರೆ, “ಬಂದು ಏನು ಹೇಳಲಿ ಅಕ್ಕಾ, ನಾನು ಏನೂ ಆಗಲಿಲ್ಲವಲ್ಲ” ಎಂದಳು. ಅವಳ ಬಾಯಿಂದ ಆ ಮಾತು ಹೊರಡಿಸಿದ್ದು ಅಂಥ ಫ್ಲೆಕ್ಸುಗಳೇ. ದಾನಿಗಳು ಎಷ್ಟೇ ಕೊಟ್ಟರೂ ಆ ನಷ್ಟ ತುಂಬುವುದಿಲ್ಲ.

ಪರದೆಯ ಮೇಲೆ ಹೆಸರು ಮಾಡಿದವರ ಬಗ್ಗೆ ನನಗೆ ಕಹಿಯಿದೆ ಎಂದು ದಯವಿಟ್ಟು ತಿಳಿಯಬೇಡಿ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಅಚ್ಯುತ್ ಕುಮಾರ್ ಕ್ಯಾಮೆರಾದ ಮುಂದೆ ಸುಮ್ಮನೆ ನಿಂತರೂ ರಂಗಭೂಮಿಯ ಪಾಠ ಎದ್ದು ಕಾಣುತ್ತದೆ, ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಸತೀಶ್ ನೀನಾಸಂ ಅವರು ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡು ನಾಯಕನಟರಾದರು. ಅದು ದೊಡ್ಡ ಮಾತು. ಅಲ್ಲಿಯೇ ಕಲಿತ ಮಂಡ್ಯ ರಮೇಶ್ ಅವರನ್ನು ಜನ ಗುರುತಿಸುವುದು ಸಿನಿಮಾ, ಟಿವಿಯ ಹಾಸ್ಯ ಪಾತ್ರಗಳಿಂದ. ಆದರೆ ಅವರು ಮೈಸೂರಿನಲ್ಲಿ ‘ನಟನ’ ಎಂಬ ರಂಗಶಾಲೆ ಕಟ್ಟಿ, ಅದಕ್ಕೊಂದು ರಂಗಮಂದಿರ ಮಾಡಿ, ಮಕ್ಕಳಿಗೂ ದೊಡ್ಡವರಿಗೂ ನಾಟಕ ಕಲಿಸುತ್ತಾ ಬಂದಿದ್ದಾರೆ. ನನ್ನನ್ನು ಕೇಳಿದರೆ ಅವರ ಪಾತ್ರಗಳಿಗಿಂತ ತೂಕದ ಕೆಲಸ ಅದು. ಪರಿಚಯ ಭಾಷಣಗಳಲ್ಲಿ ಅದಕ್ಕೆ ಸಿಗುವುದು ಕೊನೆಯ ಅರ್ಧ ವಾಕ್ಯ.

ನೀನಾಸಂ ಹುಟ್ಟಿದ್ದು 1949ರಲ್ಲಿ, ಅದರ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರು ಸುತ್ತಿ ನಾಟಕವಾಡುವ ಅದರ ತಂಡ ‘ತಿರುಗಾಟ’ 1985ರಲ್ಲಿ. ತಿರುಗಾಟದವರನ್ನು ನೋಡಿದ್ದೀರಾ? ರಂಗಸಜ್ಜಿಕೆ, ಉಡುಪಿನ ಪೆಟ್ಟಿಗೆ, ದೀಪ, ವೈರ್ ಎಲ್ಲವನ್ನೂ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಾರೆ. ರಾಜನ ಪಾತ್ರ ಮಾಡಿದವನೇ ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಪೆಟ್ಟಿಗೆ ಎತ್ತುತ್ತಾನೆ. ಹಾಗೆ ತಿರುಗಿದವರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಊರಿಗೆ ಮರಳಿ ತಂಡ ಕಟ್ಟಿದರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಅವರು ಎಷ್ಟು ಸಿನಿಮಾ ನಟರನ್ನು ತಯಾರಿಸಿದರು ಎಂದು ಎಣಿಸಿ ಅಲ್ಲ. ಒಂದು ಹಳ್ಳಿಗೆ ಲೋಕದ ನಾಟಕ, ಸಿನಿಮಾ, ವಿಚಾರಗಳನ್ನು ತಂದು, ಅಲ್ಲಿಂದ ನಾಡಿಗೆಲ್ಲ ಹಂಚಿದ್ದಕ್ಕೆ.

ರಂಗ ನಿರ್ದೇಶಕ ಬಿ.ವಿ. ಕಾರಂತರ ವಿಷಯವನ್ನೇ ನೋಡಿ. ಚಿಕ್ಕಂದಿನಲ್ಲಿ ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪನಿ ಸೇರಿದವರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಕೊನೆಗೆ ಅದರ ನಿರ್ದೇಶಕರೇ ಆದರು. ಅವರು ಕಟ್ಟಿದ ನಾಟಕ ಸಂಸ್ಥೆಗಳು, ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ, ಇವೆಲ್ಲ ಎಲ್ಲರ ಬಾಯಲ್ಲೂ ಇದೆ. ಅವರು ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕದ ಮೇಷ್ಟರಾಗಿದ್ದರು ಎಂಬುದನ್ನು ಯಾರು ಎತ್ತಿ ಹೇಳುತ್ತಾರೆ? ಅದೇ ನಾಟಕ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ಎಷ್ಟೋ ನಾಟಕಗಳಿಗೆ ಉಡುಪು ರೂಪಿಸಿದರು, ಬೆಂಗಳೂರಿನಲ್ಲಿ ಮಕ್ಕಳ ರಂಗಭೂಮಿಯನ್ನು ಬೆಳೆಸಿದರು. ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿ ಜೈಲಿನೊಳಕ್ಕೆ ಹೋಗಿ, ಜೀವಾವಧಿ ಶಿಕ್ಷೆಗೆ ಒಳಗಾದವರ ಕೈಯಲ್ಲಿ ನಾಟಕ ಮಾಡಿಸಿದರು, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಕೊಲೆ ಮಾಡಿ ಒಳಗೆ ಹೋದ ಮನುಷ್ಯನೊಬ್ಬ ತುಂಬಿದ ಸಭೆಯ ಮುಂದೆ ನಿಂತು ಪಾತ್ರವಾಗಿ ಮಾತನಾಡುವಂತೆ ಮಾಡಲು ಎಂಥ ವಿದ್ಯೆ ಬೇಕು, ಎಂಥ ತಾಳ್ಮೆ ಬೇಕು! ಇದನ್ನು ಸಾಧನೆ ಎನ್ನಲು ಇನ್ನೇನು ಬೇಕು ನಮಗೆ?

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನನಗೂ ಆಸೆಯಿತ್ತು. ಕಲಿಯುವಾಗ ರಾತ್ರಿ ಮಲಗಿಕೊಂಡು ನನ್ನ ಮುಖ ದೊಡ್ಡ ಪರದೆಯ ಮೇಲೆ ಹೇಗೆ ಕಾಣಬಹುದು ಎಂದು ಯೋಚಿಸಿದವಳೇ ನಾನು. ಆ ಆಸೆ ಯಾವಾಗ ಹೋಯಿತೋ ಗೊತ್ತಿಲ್ಲ. ಪ್ರೌಢಶಾಲೆಯಲ್ಲಿ ನಾಟಕದ ಶಿಕ್ಷಕಿಯಾದ ಮೇಲೆ ಅದನ್ನು ನೆನೆಯಲು ಪುರುಸೊತ್ತೇ ಸಿಗಲಿಲ್ಲ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಇರುವುದೇ ಬೆರಳೆಣಿಕೆಯಷ್ಟು. ಇರುವವರಿಗೂ ಪ್ರತಿಭಾ ಕಾರಂಜಿ ಬಂದಾಗ ಮಾತ್ರ ಬೆಲೆ. ಉಳಿದ ದಿನಗಳಲ್ಲಿ ಯಾರೋ ರಜೆ ಹಾಕಿದರೆ ಅವರ ತರಗತಿ ನೋಡಿಕೊಳ್ಳಬೇಕು, ಗಣತಿಗೆ ಹೋಗಬೇಕು, ಚುನಾವಣೆಗೆ ಹೋಗಬೇಕು. ವೇಳಾಪಟ್ಟಿಯಲ್ಲಿ ನಮ್ಮ ಪೀರಿಯಡ್ ಇರುವುದು ಗಣಿತದ ಮೇಷ್ಟ್ರು ಪಾಠ ಮುಗಿಸಲು ಕೇಳಿದಾಗ ಬಿಟ್ಟುಕೊಡುವುದಕ್ಕೆ ಎಂದು ಎಷ್ಟೋ ಮುಖ್ಯೋಪಾಧ್ಯಾಯರ ನಂಬಿಕೆ.

ಹಾಗಿದ್ದೂ ಆ ಪೀರಿಯಡ್ಡಿನಲ್ಲಿ ಏನಾಗುತ್ತದೆ ಎಂದು ನಾನು ದಿನವೂ ನೋಡುತ್ತೇನೆ. ಈ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಟಕದಲ್ಲಿ ಪಾತ್ರ ಬೇಡವೆಂದಳು. ಪುಸ್ತಕ ಹಿಡಿದು ಮಾತು ತಪ್ಪಿದವರಿಗೆ ಪಕ್ಕದಿಂದ ಹೇಳಿಕೊಡುವ ಕೆಲಸ ವಹಿಸಿದೆ. ಎರಡು ವಾರ ಕಳೆಯುವ ಹೊತ್ತಿಗೆ ಅವಳಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು. ಯಾವ ಹುಡುಗ ಯಾವ ಸಾಲಿನಲ್ಲಿ ತಡವರಿಸುತ್ತಾನೆ, ಯಾರಿಗೆ ಮೊದಲ ಅಕ್ಷರ ಹೇಳಿದರೆ ಸಾಕು, ಯಾರಿಗೆ ಪೂರ್ತಿ ಸಾಲು ಬೇಕು ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಮುಂದೆ ಅವಳು ರಂಗಶಾಲೆಗೆ ಹೋದರೆ ನಾನು ಕುಣಿದಾಡುತ್ತೇನೆ. ಹೋಗಿ ಕಲಿತು ಬಂದು, ಒಳ್ಳೆಯ ರಂಗ ವ್ಯವಸ್ಥಾಪಕಿಯಾಗಿ, ಯಾವ ಫ್ಲೆಕ್ಸಿನಲ್ಲೂ ಕಾಣದೆ ಉಳಿದರೆ? ನನ್ನ ಸಿಟ್ಟು ಅದಕ್ಕೇ.

ಸಮಿತಿಯವರು ಈ ವರ್ಷ ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆ ತರುತ್ತಾರಂತೆ. ಅದಕ್ಕೊಂದು ಅರ್ಜಿ ಕೊಟ್ಟಿದ್ದಾರೆ: ಹೆಸರು, ತಂಡ, ನಟಿಸಿದ ಚಲನಚಿತ್ರಗಳು, ಧಾರಾವಾಹಿಗಳು, ಪ್ರಶಸ್ತಿಗಳು. ನಾನು ಅದನ್ನು ತುಂಬದೆ ವಾಪಸ್ ಕಳುಹಿಸಿದ್ದೇನೆ. ಜೊತೆಗೊಂದು ಪತ್ರ ಇಟ್ಟು, ಬೆಳಕು, ಪ್ರಸಾಧನ, ಉಡುಪು, ಸಂಗೀತ, ರಂಗಸಜ್ಜಿಕೆ, ಮಕ್ಕಳ ರಂಗಭೂಮಿ, ಶಾಲಾ ಶಿಕ್ಷಕರು, ಹಳ್ಳಿಯ ತಂಡ ಕಟ್ಟಿದವರು, ಇಷ್ಟಕ್ಕೂ ಜಾಗವಿರುವ ಬೇರೆ ಅರ್ಜಿ ಮಾಡಿಸಿ ಎಂದು ಕೇಳಿದ್ದೇನೆ. ಮಾಡಿಸಿದರೆ ಸಂತೋಷ. ಮಾಡಿಸದಿದ್ದರೆ ಆ ಪಟ್ಟಿಯನ್ನು ನಾನೇ ಮಾಡುತ್ತೇನೆ. ನನ್ನ ಜೊತೆ ಕಲಿತವರು, ನನಗಿಂತ ಹಿಂದೆ ಮುಂದೆ ಕಲಿತವರು ಇದನ್ನು ಓದುತ್ತಿದ್ದರೆ ಈಗ ಯಾವ ಊರಿನಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ನನಗೆ ಬರೆಯಿರಿ. ನಾಟಕ ಬಿಟ್ಟು ಬೇರೆ ಕೆಲಸಕ್ಕೆ ಹೋದವರೂ ಬರೆಯಿರಿ. ಕೊನೆಯ ಬಾರಿ ರಂಗದ ಮೇಲೋ ಹಿಂದೆಯೋ ಮಾಡಿದ ಕೆಲಸ ಯಾವುದು ಎಂಬುದನ್ನೂ ಸೇರಿಸಿ. ನಮ್ಮ ಬೆಳಕಿನ ಗೆಳೆಯನ ವಿವರವನ್ನು ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದೇನೆ. ಅವನಾಗಿಯೇ ಎಂದೂ ಕಳುಹಿಸುವವನಲ್ಲ.